ಎಲ್ಲರ ಬಾರ್ ತುಂಬಿಸಿದರೂ ಪಾರ್ಟಿ ಸಾಯೋದು ಯಾಕೆ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಬಿಇ ಮೂರನೇ ವರ್ಷ ಓದುತ್ತಿದ್ದೇನೆ. ಎಂಸಿಸಿ ಬಿ ಬ್ಲಾಕ್‌ನಲ್ಲಿ ನಾಲ್ಕು ಜನ ಗೆಳೆಯರು ರೂಮ್ ಮಾಡಿಕೊಂಡಿದ್ದೇವೆ. ನಾಲ್ಕೂ ಜನ ಫೈನಲ್ ಫ್ಯಾಂಟಸಿ 14 ಅನ್ನುವ ಆನ್‌ಲೈನ್ ಆಟವನ್ನು ಒಂದೇ ಪಾರ್ಟಿಯಾಗಿ (ತಂಡವಾಗಿ) ಆಡುತ್ತೇವೆ. ಟ್ಯಾಂಕ್ (ಮುಂದೆ ನಿಂತು ಏಟು ತಡೆಯುವ ಪಾತ್ರ) ಆಡುವವನದು ಪೂರ್ತಿ ಅಕೌಂಟ್, ಉಳಿದವರದು ಫ್ರೀ ಟ್ರಯಲ್. ನಾನು ವೈಟ್ ಮೇಜ್, ಅಂದರೆ ಗಾಯ ವಾಸಿ ಮಾಡುವ ಹೀಲರ್, ಈಗ ಲೆವೆಲ್ 47. ಔರಮ್ ವೇಲ್ ಅನ್ನುವ ಡಂಜನ್‌ನಲ್ಲಿ (ತಂಡವಾಗಿ ನುಗ್ಗಿ ಶತ್ರುಗಳನ್ನು ಸೋಲಿಸಬೇಕಾದ ಜಾಗ) ಮೊದಲ ಕೋಣೆಯಲ್ಲೇ ಮೂರು ಸಲ ಎಲ್ಲರೂ ಸತ್ತೆವು. ನಾನು ಯಾರ ಬಾರ್ ಸ್ವಲ್ಪ ಇಳಿದರೂ ತಕ್ಷಣ ತುಂಬಿಸುತ್ತೇನೆ (ಬಾರ್ ಅಂದರೆ ಎಚ್‌ಪಿ, ಪ್ರಾಣ ಎಷ್ಟು ಉಳಿದಿದೆ ಅಂತ ತೋರಿಸುವ ಪಟ್ಟಿ), ಒಂದು ಏಟನ್ನೂ ಹೊಡೆಯಲು ಹೋಗುವುದಿಲ್ಲ. ಆದರೂ ಎಂಪಿ (ಮಂತ್ರ ಹಾಕಲು ಬೇಕಾದ ಶಕ್ತಿ) ಖಾಲಿಯಾಗುತ್ತದೆ, ಟ್ಯಾಂಕ್ ಸಾಯುತ್ತಾನೆ, ಬೈಗುಳ ನನಗೆ ಬೀಳುತ್ತದೆ. ಗೆಳೆಯರು ಹೀಲರ್ ಬಿಡು, ಬೇರೆ ಏನಾದರೂ ಆಡು ಅನ್ನುತ್ತಾರೆ. ನನಗೆ ಹೀಲರ್ ಆಡೋದೇ ಇಷ್ಟ. ಏನು ಮಾಡಲಿ?

ಉತ್ತರ: ಇಷ್ಟ ಇದ್ದರೆ ಬಿಡಬೇಡಿ. ನಿಮ್ಮ ಕೈಯಲ್ಲಿ ತಪ್ಪಿಲ್ಲ, ಕಣ್ಣು ಇರುವ ಜಾಗದಲ್ಲಿ ತಪ್ಪಿದೆ. ‘ಯಾರ ಬಾರ್ ಸ್ವಲ್ಪ ಇಳಿದರೂ ತಕ್ಷಣ ತುಂಬಿಸುತ್ತೇನೆ’ ಅಂತ ಬರೆದಿದ್ದೀರಲ್ಲ, ತೊಂದರೆಯ ಬೇರು ಆ ಮಾತಿನಲ್ಲೇ ಇದೆ.

ಹೀಲರ್‌ಗೆ ಇರುವ ಕೆಲಸ ಯಾರೂ ಸಾಯದ ಹಾಗೆ ನೋಡಿಕೊಳ್ಳುವುದು. ಬಾರ್ ತುಂಬಿಸುವುದು ಬೇರೆ ಕೆಲಸ. ಎರಡೂ ಒಂದೇ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಈ ಆಟದಲ್ಲಿ ಎಚ್‌ಪಿ ಪೂರ್ತಿ ಇದ್ದವನು ಎಷ್ಟು ಜೋರಾಗಿ ಹೊಡೆಯುತ್ತಾನೋ, ಎಚ್‌ಪಿ ಕಾಲುಭಾಗ ಉಳಿದವನೂ ಅಷ್ಟೇ ಜೋರಾಗಿ ಹೊಡೆಯುತ್ತಾನೆ. ಹಾಗಾಗಿ ಅರ್ಧ ಬಾರ್ ಅಂದರೆ ಅಪಾಯ ಅಂತ ಅರ್ಥ ಅಲ್ಲ. ಮುಂದಿನ ಏಟು ಎಷ್ಟು ದೊಡ್ಡದು, ಯಾವಾಗ ಬರುತ್ತದೆ, ಆ ಏಟಿಗೆ ಈ ಅರ್ಧ ಸಾಕಾ ಅನ್ನುವುದೇ ಪ್ರಶ್ನೆ. ಸಾಕು ಅನಿಸಿದರೆ ಕೈ ಕಟ್ಟಿಕೊಂಡು ಇರುವುದೇ ಸರಿಯಾದ ಹೀಲಿಂಗ್.

ದಾವಣಗೆರೆಯಲ್ಲೇ ಇದ್ದೀರಿ, ಅದಕ್ಕೆ ಒಂದು ಕೆಲಸ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಸೌದೆ ಒಲೆ ಇರುವ ಬೆಣ್ಣೆ ದೋಸೆ ಹೋಟೆಲ್‌ಗೆ ಹೋಗಿ, ಕಾವಲಿ ಕಾಣುವ ಹಾಗೆ ನಿಂತುಕೊಳ್ಳಿ. ಜನ ತುಂಬಿರುತ್ತಾರೆ, ನಿಲ್ಲೋಕೆ ನೆಪ ಬೇಕಿಲ್ಲ. ದೋಸೆ ಹಾಕುವವರು ಕಾವಲಿ ಮೇಲೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಸಾಲಾಗಿ ಹಿಟ್ಟು ಹುಯ್ಯುತ್ತಾರೆ. ಒಂದೊಂದು ದೋಸೆ ಒಂದೊಂದು ಹಂತದಲ್ಲಿರುತ್ತದೆ. ಒಂದರ ಅಂಚು ಆಗಲೇ ಕೆಂಪಾಗಿದೆ, ಪಕ್ಕದ್ದು ಇನ್ನೂ ಹಸಿ. ಅವರ ಕಣ್ಣು ಎಲ್ಲಿದೆ ನೋಡಿ. ದೋಸೆ ಮೇಲೆ ಇರುವುದು ಕಡಿಮೆ. ಆಗಾಗ ಬಗ್ಗಿ ಒಲೆ ಬಾಯಿ ನೋಡುತ್ತಾರೆ. ಒಂದು ಸೌದೆಯನ್ನು ಅರ್ಧ ಅಡಿ ಹೊರಗೆ ಎಳೆಯುತ್ತಾರೆ, ಇನ್ನೊಂದನ್ನು ಸ್ವಲ್ಪ ಒಳಗೆ ತಳ್ಳುತ್ತಾರೆ. ದೋಸೆ ಸೀದ ಮೇಲೆ ಬೆಣ್ಣೆ ಸುರಿದು ಏನೂ ಪ್ರಯೋಜನ ಇಲ್ಲ ಅಂತ ಅವರಿಗೆ ಗೊತ್ತು. ಉರಿ ಜಾಸ್ತಿ ಆಗುತ್ತಿದೆ ಅಂತ ಮೊದಲೇ ಕಂಡಿತು, ಸೌದೆ ಎಳೆದರು, ಅಷ್ಟೇ.

ನೀವು ನೋಡುತ್ತಿರುವುದು ದೋಸೆ, ಅಂದರೆ ಪರದೆಯ ಎಡಗಡೆ ಇರುವ ಪಾರ್ಟಿ ಲಿಸ್ಟ್. ನೋಡಬೇಕಾದದ್ದು ಒಲೆ. ಶತ್ರುಗಳು ಎಷ್ಟು ಜನ, ಯಾರ ಮೇಲೆ ತಿರುಗಿದ್ದಾರೆ, ಬಾಸ್ (ದೊಡ್ಡ ಶತ್ರು) ಹೆಸರಿನ ಕೆಳಗೆ, ಮುಂದಿನ ಏಟು ತಯಾರಾಗುವುದನ್ನು ತೋರಿಸುವ ಯಾವ ಕಾಸ್ಟ್ ಬಾರ್ ಓಡುತ್ತಿದೆ, ಟ್ಯಾಂಕ್ ತನ್ನ ರಕ್ಷಣೆಯ ಬಟನ್ ಒತ್ತಿದ್ದಾನಾ ಇಲ್ಲವಾ. ಪಾರ್ಟಿ ಲಿಸ್ಟ್ ಕಡೆ ಓರೆಗಣ್ಣು ಸಾಕು.

ಈಗ ನಿಮ್ಮ ಎಂಪಿ ಲೆಕ್ಕಕ್ಕೆ ಬರೋಣ. ಈ ಆಟದಲ್ಲಿ ಎಲ್ಲರ ಎಂಪಿಯೂ 10,000. ಕ್ಯೂರ್ 2 ಅನ್ನುವ ಹೀಲಿಂಗ್ ಸ್ಪೆಲ್ (ಮಂತ್ರ) ಒಂದು ಸಲ ಹಾಕಿದರೆ 1,000 ಹೋಗುತ್ತದೆ. ಒಂದು ಸ್ಪೆಲ್‌ಗೂ ಇನ್ನೊಂದು ಸ್ಪೆಲ್‌ಗೂ ನಡುವೆ ಎರಡೂವರೆ ಸೆಕೆಂಡ್. ಅಂದರೆ ಕ್ಯೂರ್ 2 ಒಂದನ್ನೇ ಒತ್ತುತ್ತಾ ಹೋದರೆ, ತಾನಾಗಿ ತುಂಬುವ ಅಲ್ಪಸ್ವಲ್ಪ ಎಂಪಿ ಸೇರಿಸಿದರೂ ಅರ್ಧ ನಿಮಿಷದ ಆಸುಪಾಸಿನಲ್ಲಿ ಕೊಡ ಖಾಲಿ. ಔರಮ್ ವೇಲ್ ಮೊದಲ ಕೋಣೆಯ ಜಗಳ ಅರ್ಧ ನಿಮಿಷಕ್ಕೆ ಮುಗಿಯುವಂಥದ್ದಲ್ಲ.

ಇನ್ನೊಂದು ಕಡೆ ರೀಜೆನ್ ನೋಡಿ. ಲೆವೆಲ್ 35ರಲ್ಲಿ ಸಿಕ್ಕಿದೆ ನಿಮಗೆ. ಎಂಪಿ 400. ಒಂದು ಸಲ ಹಾಕಿದರೆ 18 ಸೆಕೆಂಡ್, ಮೂರು ಮೂರು ಸೆಕೆಂಡಿಗೆ ಒಂದು ಸಲ ತುಂಬುತ್ತದೆ. ಅಂದರೆ ಒಟ್ಟು ಆರು ಸಲ. ಕ್ಯೂರ್ 2 ತುಂಬಿಸುವುದು ಒಂದೇ ಸಲ. ಎಲ್ಲ ಸೇರಿಸಿದರೆ ರೀಜೆನ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಎಂಪಿಗೆ ಕ್ಯೂರ್ 2ಕ್ಕಿಂತ ಜಾಸ್ತಿ ಹೀಲಿಂಗ್. ಅಷ್ಟೇ ಅಲ್ಲ, ಆ 18 ಸೆಕೆಂಡ್ ನಿಮ್ಮ ಕೈ ಬಿಡುವಾಗಿರುತ್ತದೆ. ದೊಡ್ಡ ಏಟು ಬಿದ್ದಾಗ ಮಾತ್ರ ಕ್ಯೂರ್ 2. ಮಾಮೂಲಿ ಕ್ಯೂರ್ ಹಾಕಿದರೆ ಒಮ್ಮೊಮ್ಮೆ ಮುಂದಿನ ಕ್ಯೂರ್ 2 ಪುಕ್ಕಟೆ ಸಿಗುತ್ತದೆ, ಹೌದು. ಆದರೆ ಅದು 100ರಲ್ಲಿ 15 ಸಲದ ಮಾತು. ಅದನ್ನು ನಂಬಿ ಸರದಿ ಕಳೆಯಬೇಡಿ.

ಸರದಿ ಅಂದೆ. ಎಂಪಿಗಿಂತ ಇದು ಮುಖ್ಯ. ಎರಡೂವರೆ ಸೆಕೆಂಡಿಗೆ ಒಂದು ಅಂದರೆ ನಿಮಿಷಕ್ಕೆ ನಿಮಗಿರುವುದು 24 ಸರದಿ. ಬಾರ್‌ನಲ್ಲಿ ಹತ್ತನೇ ಒಂದು ಭಾಗ ಇಳಿದ ಗೆಳೆಯನಿಗೆ ಒಂದು ಸರದಿ ಕೊಟ್ಟಿರಿ ಅಂದರೆ, ಅದೇ ಹೊತ್ತಿಗೆ ಟ್ಯಾಂಕ್‌ಗೆ ಬೀಳುವ ದೊಡ್ಡ ಏಟಿಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ನೀವು ಮೂರೂ ಸಲ ಸತ್ತದ್ದು ಬಹುಪಾಲು ಹೀಗೇ ಇರಬೇಕು.

ನೀವು ಹೊಡೆಯುವುದೇ ಇಲ್ಲ ಅಂದಿದ್ದೀರಿ. ದಯವಿಟ್ಟು ಹೊಡೆಯಿರಿ. ಹೀಲರ್ ಹೊಡೆಯಬಾರದು ಅನ್ನುವ ನಂಬಿಕೆ ಎಲ್ಲಿಂದ ಬಂತೋ, ಅದರಿಂದ ಬಹಳ ಜನ ಹೊಸ ಹೀಲರ್‌ಗಳು ಕೆಟ್ಟಿದ್ದಾರೆ. ಲೆವೆಲ್ 45ಕ್ಕೆ ನಿಮಗೆ ಹೋಲಿ ಸಿಕ್ಕಿದೆ. ಅದು ಸುತ್ತಲಿನ ಶತ್ರುಗಳಿಗೆಲ್ಲ ಏಟು ಕೊಡುತ್ತದೆ, ಜೊತೆಗೆ ಅವರನ್ನು ಸ್ಟನ್ ಮಾಡುತ್ತದೆ, ಅಂದರೆ ಏನೂ ಮಾಡಲಾಗದ ಹಾಗೆ ನಿಲ್ಲಿಸುತ್ತದೆ. ಮೊದಲ ಸಲ 4 ಸೆಕೆಂಡ್, ಎರಡನೇ ಸಲ 2, ಮೂರನೇ ಸಲ 1. ಆಮೇಲೆ ಸ್ವಲ್ಪ ಹೊತ್ತು ಸ್ಟನ್ ಹತ್ತುವುದಿಲ್ಲ. ಲೆಕ್ಕ ಹಾಕಿ. ಏಳೆಂಟು ಶತ್ರುಗಳು 7 ಸೆಕೆಂಡ್ ಟ್ಯಾಂಕನ್ನು ಮುಟ್ಟುವುದೇ ಇಲ್ಲ. ಅಷ್ಟು ಏಟನ್ನು ಕ್ಯೂರ್‌ನಿಂದ ತುಂಬಿಸಲು ನಿಮಗೆ ಎಷ್ಟು ಸರದಿ ಬೇಕಿತ್ತು? ಸೌದೆ ಎಳೆಯುವುದು ಅಂದರೆ ಇದೇ. ಹೋಲಿ ನಿಮ್ಮ ಸುತ್ತ ಮಾತ್ರ ಹರಡುವುದರಿಂದ ದೂರ ನಿಂತು ಹಾಕಿದರೆ ಸುಮ್ನೆ ದಂಡ. ಟ್ಯಾಂಕ್ ಪಕ್ಕಕ್ಕೇ ಹೋಗಿ ನಿಂತು ಹಾಕಿ. ಭಯ ಆಗುತ್ತದೆ, ನನಗೂ ಆಗಿತ್ತು. ಎರಡು ಡಂಜನ್ ಮುಗಿಯುವಷ್ಟರಲ್ಲಿ ಭಯ ಹೋಗುತ್ತದೆ.

ಒಬ್ಬೊಬ್ಬ ಬಾಸ್ ಇದ್ದಾಗ ಹೋಲಿ ಸ್ಟನ್ ಕೆಲಸ ಮಾಡುವುದಿಲ್ಲ. ಆಗ ಏರೋ 2 ಹಚ್ಚಿ ಬಿಡಿ, ನಡುನಡುವೆ ಸ್ಟೋನ್ ಎಸೆಯಿರಿ. ಬಾಸ್ ಬೇಗ ಸತ್ತಷ್ಟೂ ನೀವು ತುಂಬಿಸಬೇಕಾದ ಗಾಯ ಕಡಿಮೆ.

ರೀಜೆನ್ ಬಗ್ಗೆ ಒಂದು ಎಚ್ಚರಿಕೆ. ಟ್ಯಾಂಕ್ ಓಡುತ್ತಾ ಶತ್ರುಗಳನ್ನು ಕಲೆಹಾಕುವಾಗ, ಅವನು ಇನ್ನೂ ಗುಂಪಿನ ಮೇಲೆ ಸರಿಯಾಗಿ ಹೊಡೆದಿಲ್ಲ ಅಂದರೆ, ನಿಮ್ಮ ರೀಜೆನ್ ತುಂಬುವ ಪ್ರತಿ ಹನಿಗೂ ಶತ್ರುಗಳ ಕೋಪ ನಿಮ್ಮ ಕಡೆ ತಿರುಗುತ್ತದೆ. ಅವನು ಒಂದು ಸಲ ಬೀಸಿ ಎಲ್ಲರಿಗೂ ತಾಗಿಸಲಿ, ಆಮೇಲೆ ಹಾಕಿ. ಹಾಗೂ ಯಾವುದಾದರೂ ಒಂದು ನಿಮ್ಮ ಹಿಂದೆ ಬಿತ್ತು ಅನ್ನಿ. ಹೊಸಬರೆಲ್ಲ ದೂರ ಓಡುತ್ತಾರೆ. ಟ್ಯಾಂಕ್ ಕಡೆ ಓಡಿ. ಅವನ ಕತ್ತಿ ತಲುಪುವ ದೂರಕ್ಕೆ ನೀವೇ ಅದನ್ನು ತಂದುಕೊಟ್ಟರೆ ಅವನು ಎಳೆದುಕೊಳ್ಳುತ್ತಾನೆ. ನೀವು ದೂರ ಓಡಿದರೆ ಅವನೂ ನಿಮ್ಮ ಹಿಂದೆ ಓಡಬೇಕು, ಅವನ ಹಿಂದೆ ಇಡೀ ಗುಂಪು.

ಯಾವಾಗ ಹೀಲ್ ಮಾಡಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಚಿತ್ರದುರ್ಗದಲ್ಲಿರುವ ನನ್ನ ಅಕ್ಕನ ಮಗಳು. ಅವಳು ಪ್ಯಾಲಡಿನ್, ಟ್ಯಾಂಕ್. ದಸರಾ ರಜೆಯಲ್ಲಿ ಅವರ ಮನೆಗೆ ಹೋದಾಗ ಪಕ್ಕ ಪಕ್ಕ ಕೂತು ಆಡಿದೆವು. ಪ್ಯಾಲಡಿನ್‌ಗೆ ಲೆವೆಲ್ 50ರಲ್ಲಿ ಹ್ಯಾಲೋಡ್ ಗ್ರೌಂಡ್ ಅಂತ ಒಂದು ಬಟನ್ ಬರುತ್ತದೆ. ಅದನ್ನು ಒತ್ತಿದರೆ 10 ಸೆಕೆಂಡ್ ಯಾವ ಏಟೂ ತಾಗುವುದಿಲ್ಲ. ಅವಳ ಎಚ್‌ಪಿ ತಳ ಮುಟ್ಟಿತ್ತು, ಒತ್ತಿದಳು. ನಾನು ಗಾಬರಿಯಿಂದ ಕ್ಯೂರ್ 2 ಮೇಲೆ ಕ್ಯೂರ್ 2 ಹಾಕಿದೆ. ಅವಳು ಆಟ ಮುಗಿದ ಮೇಲೆ ಹೇಳಿದಳು: ‘ಮಾಮ, ಓಬವ್ವ ಒನಕೆ ಎತ್ತಿರುವಾಗ ನೀರು ಕೊಡೋಕೆ ಹೋಗಬಾರದು. ಇಳಿಸಿದಾಗ ಕೊಡಬೇಕು. ಆ ಹತ್ತು ಸೆಕೆಂಡು ನನಗೆ ಏನೂ ಆಗಲ್ಲ, ನೀನು ಹೋಲಿ ಹಾಕು. ಎಂಟನೇ ಸೆಕೆಂಡಿಗೆ ನನ್ನ ಕಡೆ ನೋಡು.’ ಕೋಟೆ ಊರಿನ ಹುಡುಗಿ, ಅವಳಿಗೆ ಆ ಕಿಂಡಿಯೇ ನೆನಪಾಗಿದ್ದು ಸಹಜ. ಆ ದಿನ ನಾನು ಅವಳ ಪರದೆಯನ್ನೂ ನೋಡಿದೆ. ಟ್ಯಾಂಕ್‌ಗೆ ಹಿಂದೆ ನಿಂತ ಹೀಲರ್ ಕಾಣುವುದೇ ಇಲ್ಲ. ಹೀಲರ್ ಇದ್ದಾನೆ ಅಂತ ನಂಬಿ ನುಗ್ಗುವುದಷ್ಟೇ ಅವಳ ಕೈಯಲ್ಲಿರುವುದು.

ಅದಕ್ಕೇ ನಿಮಗೊಂದು ಸಲಹೆ. ಒಂದು ವಾರ ನೀವು ಟ್ಯಾಂಕ್ ಆಡಿ ನೋಡಿ, ಲೆವೆಲ್ 20ರವರೆಗೆ ಸಾಕು. ನಿಮ್ಮ ಟ್ಯಾಂಕ್ ಗೆಳೆಯನೂ ಎರಡು ದಿನ ಕಾಂಜರರ್ ಆಡಲಿ. ವೈಟ್ ಮೇಜ್ ಆಗುವ ಮೊದಲು ಲೆವೆಲ್ 30ರವರೆಗೆ ನೀವು ಆಡಿದ್ದು ಅದನ್ನೇ ಅಲ್ವಾ, ಅವನಿಗೂ ಅದರ ಕಷ್ಟ ತಿಳಿಯಲಿ. ಬೈಗುಳ ತಾನಾಗಿ ಕಡಿಮೆಯಾಗುತ್ತದೆ. ಒಂದೇ ರೂಮಿನಲ್ಲಿ ಕೂತು ಆಡುವ ನಿಮಗೆ ಬೇರೆಯವರಿಗಿಲ್ಲದ ಅನುಕೂಲ ಇದೆ. ‘ರಕ್ಷಣೆ ಒತ್ತಿದೆ’, ‘ಎಂಪಿ ಮೂರು ಸಾವಿರ ಇದೆ, ತಡಿ’ ಅಂತ ಬಾಯಲ್ಲೇ ಹೇಳಬಹುದು. ಎಷ್ಟು ಗುಂಪು ಎಳೆಯಬೇಕು ಅನ್ನುವುದು ಟ್ಯಾಂಕ್ ಒಬ್ಬನ ತೀರ್ಮಾನ ಅಲ್ಲ. ಹೀಲರ್ ಒಪ್ಪಿಗೆಯೂ ಬೇಕು. ಇದನ್ನು ಗಟ್ಟಿಯಾಗಿ ಹೇಳಿ.

ಎಂಪಿ ಉಳಿಸುವುದರಲ್ಲಿ ಎರಡು ಅಭ್ಯಾಸ ಸಾಕು. ಭದ್ರಾ ನಾಲೆ ನೀರು ಬಿಟ್ಟಾಗ ಮೇಲಿನವರು ಗದ್ದೆ ತುಂಬ ನಿಲ್ಲಿಸಿಕೊಂಡರೆ ಕೊನೆ ಭಾಗದ ರೈತರಿಗೆ ಏನಾಗುತ್ತದೆ ಅಂತ ನಿಮ್ಮ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಜಗಳದ ಕೊನೆಯ ಹತ್ತು ಸೆಕೆಂಡ್ ನಿಮ್ಮ ಕೊನೆ ಭಾಗ. ಅಲ್ಲಿಗೆ ನೀರು ಮುಟ್ಟಬೇಕು. ಸತ್ತವರನ್ನು ಎಬ್ಬಿಸುವ ರೇಸ್ ಸ್ಪೆಲ್‌ಗೆ 2,400 ಎಂಪಿ ಬೇಕು. ಆ 2,400 ನಿಮ್ಮದಲ್ಲ ಅಂದುಕೊಂಡು ಬಿಡಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ಇನ್ನೊಂದು, ಲೂಸಿಡ್ ಡ್ರೀಮಿಂಗ್. ಅದು ಎಂಪಿಯನ್ನು ಒಂದೇ ಸಲ ಕೊಡುವುದಿಲ್ಲ, 21 ಸೆಕೆಂಡ್ ಹರಿಸುತ್ತದೆ. ಖಾಲಿಯಾದ ಮೇಲೆ ಒತ್ತಿದರೆ ತಡವಾಯಿತು. ಎಂಪಿ 7,000 ಹತ್ತಿರ ಬಂದ ಕೂಡಲೇ ಒತ್ತಿ. ಅದು ಮತ್ತೆ ಸಿದ್ಧವಾದಾಗ ಮತ್ತೆ ಒತ್ತಿ.

ರೇಸ್ ಅಂದಾಗ ನೆನಪಾಯಿತು. ಅದನ್ನು ಹಾಗೇ ಹಾಕಲು 8 ಸೆಕೆಂಡ್ ಬೇಕು. ಜಗಳದ ಮಧ್ಯೆ 8 ಸೆಕೆಂಡ್ ಯಾರು ಕೊಡುತ್ತಾರೆ? ಮುಂದಿನ ಸ್ಪೆಲ್ ಕಾಯದೆ ಬೀಳುವ ಹಾಗೆ ಮಾಡುವ ಸ್ವಿಫ್ಟ್‌ಕಾಸ್ಟ್ ಮೊದಲು ಒತ್ತಿ, ಕೂಡಲೇ ರೇಸ್. ಸ್ವಿಫ್ಟ್‌ಕಾಸ್ಟನ್ನು ಬೇರೆ ಯಾವುದಕ್ಕೂ ಖರ್ಚು ಮಾಡಬೇಡಿ. ಹೀಲರ್ ಆಗಿ ನನ್ನ ಹಠ ಇರುವುದು ಈ ಒಂದು ಬಟನ್ ವಿಷಯದಲ್ಲಿ.

ಯಾರನ್ನು ಮೊದಲು ಉಳಿಸಬೇಕು? ಟ್ಯಾಂಕ್ ಮತ್ತು ನೀವು. ಉಳಿದಿಬ್ಬರು ಆಮೇಲೆ. ಗೆಳೆಯರಾದ್ದರಿಂದ ಇದು ಕಷ್ಟ, ನನಗೆ ಅರ್ಥವಾಗುತ್ತದೆ. ಏಟು ಬೀಳುವ ಜಾಗ ತೋರಿಸಲು ನೆಲದ ಮೇಲೆ ಬರುವ ಕಿತ್ತಳೆ ಬಣ್ಣದ ಗುರುತಿನ ಒಳಗೆ ನಿಂತು ಏಟು ತಿಂದವನು ಪಕ್ಕದ ಮಂಚದ ಮೇಲೆ ಕೂತು ‘ಹೀಲ್ ಮಾಡೋ’ ಅಂತ ಕೂಗುತ್ತಿರುತ್ತಾನೆ. ಆದರೂ ಟ್ಯಾಂಕ್ ಗಟ್ಟಿಯಾಗುವವರೆಗೆ ಅವನು ಕಾಯಬೇಕು. ನೀವು ಸತ್ತರೆ ಅವನನ್ನು ಎಬ್ಬಿಸುವವರು ಯಾರೂ ಇರುವುದಿಲ್ಲ.

ಎಲ್ಲರಿಗೂ ಹೀಲಿಂಗ್ ಸುರಿಯುವುದೇ ಉಪಕಾರ ಅಲ್ಲ ಅನ್ನುವುದಕ್ಕೆ ಇನ್ನೊಂದು ಆಟದ ಕಥೆ ಇದೆ. 2005ರ ಸೆಪ್ಟೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಹಕ್ಕಾರ್ ಅನ್ನುವ ಬಾಸ್ ಹಾಕುವ ‘ಕರಪ್ಟೆಡ್ ಬ್ಲಡ್’ ಅನ್ನುವ ಅಂಟುರೋಗ, ಆಟಗಾರರ ಸಾಕುಪ್ರಾಣಿಗಳ ಮೂಲಕ ಹೊರಗೆ ಬಂದು ಊರೂರಿಗೆ ಹರಡಿತು. ಕಡಿಮೆ ಲೆವೆಲ್‌ನವರು ಬೀದಿಯಲ್ಲೇ ಸತ್ತು ಬೀಳುತ್ತಿದ್ದರು. ಹೀಲರ್‌ಗಳು ಯಾರೂ ಕರೆಯದೆ ಓಡಿಬಂದು ಸೋಂಕು ತಗುಲಿದವರಿಗೆ ಹೀಲ್ ಮಾಡಿದರು. 2007ರಲ್ಲಿ ‘ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್’ ವೈದ್ಯಕೀಯ ಪತ್ರಿಕೆಯಲ್ಲಿ ಈ ಬಗ್ಗೆ ಲೇಖನವೇ ಬಂತು. ಸೋಂಕಿತರು ಜಾಸ್ತಿ ಹೊತ್ತು ಬದುಕಿದ್ದರಿಂದ ರೋಗ ಇನ್ನಷ್ಟು ದಿನ ಉಳಿದಿರಬಹುದು ಅನ್ನುವ ಮಾತು ಅದರಲ್ಲಿದೆ. ಆ ಹೀಲರ್‌ಗಳ ಮನಸ್ಸಿನ ಬಗ್ಗೆ ನನಗೆ ಬಹಳ ಗೌರವ. ಆದರೆ ಕೈಯಲ್ಲಿ ಹೀಲ್ ಇದೆ ಅಂತ ಹಾಕುವುದಕ್ಕೂ, ನೋಡಿ ಹಾಕುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅದನ್ನು ಓದಿದಾಗ ಅನಿಸಿತು.

ನೆಟ್ ವಿಷಯ. ನಮ್ಮಲ್ಲಿಂದ ಸರ್ವರ್ ದೂರ, ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) ಜಾಸ್ತಿ. ಗುರುತಿನಿಂದ ಹೊರಗೆ ಬರುವುದನ್ನು ಒಂದು ಕ್ಷಣ ಮೊದಲೇ ಮಾಡಿ. ಯಾಕೆಂದರೆ ಬಾಸ್‌ನ ಕಾಸ್ಟ್ ಬಾರ್ ತುಂಬಿದ ಕ್ಷಣ ನೀವು ಎಲ್ಲಿದ್ದಿರಿ ಅಂತ ಸರ್ವರ್ ಲೆಕ್ಕ ಹಿಡಿಯುತ್ತದೆ, ಬೆಂಕಿ ಕಾಣುವುದು ಆಮೇಲೆ. ನಿಮ್ಮದೇ ಸ್ಪೆಲ್ ಹಾಕುವಾಗ ಬಾರ್ ತುಂಬಲು ಸುಮಾರು ಅರ್ಧ ಸೆಕೆಂಡ್ ಬಾಕಿ ಇರುವಾಗ ಕಾಲು ತೆಗೆಯಬಹುದು, ಸ್ಪೆಲ್ ಕೆಡುವುದಿಲ್ಲ. ಇದು ಕೈಗೆ ಹತ್ತಲು ಒಂದೆರಡು ವಾರ ಬೇಕು, ಹತ್ತಿದ ಮೇಲೆ ನೀವು ಬೇರೆಯೇ ಹೀಲರ್. ಗೆಳೆಯರನ್ನು ಮೌಸ್‌ನಿಂದ ಹುಡುಕಿ ಒತ್ತುತ್ತಿದ್ದರೆ ಅದನ್ನು ಬಿಟ್ಟು ಎಫ್ 1ರಿಂದ ಎಫ್ 4 ಕೀ ಬಳಸಿ. ಎಫ್ 1 ನೀವು, ಉಳಿದದ್ದು ಲಿಸ್ಟ್‌ನ ಸಾಲಿನಂತೆ. ಟ್ಯಾಂಕನ್ನು ಯಾವಾಗಲೂ ಎಫ್ 2ರಲ್ಲಿ ಬರುವ ಹಾಗೆ ಸೆಟ್ಟಿಂಗ್‌ನಲ್ಲಿ ಸಾಲು ಹೊಂದಿಸಿಕೊಳ್ಳಿ.

ಕರೆಂಟ್ ಹೋಗುತ್ತದೆ ಅಂತ ಗೊತ್ತಿರುವ ಹೊತ್ತಿನಲ್ಲಿ ಅಪರಿಚಿತರ ಜೊತೆ ಡಂಜನ್‌ಗೆ ಹೋಗಬೇಡಿ. ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ, ನಾಲ್ಕು ಜನ ಹಂಚಿಕೊಂಡರೆ ಭಾರ ಅಲ್ಲ. ಒಂದು ಮಳೆಗಾಲದ ಸಂಜೆ ಬಾಸ್ ಅರ್ಧಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಫೋನ್ ಹಾಟ್‌ಸ್ಪಾಟ್ ಹಾಕಿ ವಾಪಸ್ ಬರುವಷ್ಟರಲ್ಲಿ ಮೂವರೂ ಸತ್ತು, ಮತ್ತೆ ಬಾಗಿಲ ಹತ್ತಿರ ಕೂತು ನನಗಾಗಿ ಕಾಯುತ್ತಿದ್ದರು. ಒಬ್ಬರೂ ಬಿಟ್ಟು ಹೋಗಿರಲಿಲ್ಲ. ಇಂಥವರೂ ಸಿಗುತ್ತಾರೆ. ಜಪಾನ್ ಸರ್ವರ್‌ಗಳಲ್ಲಿ ಆಡುವುದಾದರೆ ಶುರುವಿನಲ್ಲಿ ಎಲ್ಲರೂ ‘ಯೊರೊಶಿಕು ಒನೆಗಾಯಿಶಿಮಸು’ (ನಿಮ್ಮ ಸಹಕಾರ ಇರಲಿ) ಅನ್ನುತ್ತಾರೆ, ನೀವೂ ಅನ್ನಿ. ಮಾತು ಬರದಿದ್ದರೆ ಟ್ಯಾಬ್ ಕೀ ಒತ್ತಿ ಸಿದ್ಧ ವಾಕ್ಯ ಆರಿಸಿದರೆ ಅವರಿಗೆ ಅವರ ಭಾಷೆಯಲ್ಲಿ ಕಾಣುತ್ತದೆ. ಹೆಸರಿನ ಪಕ್ಕದ ಹೊಸಬರ ಗುರುತು, ಆ ಹಸಿರು ಮೊಳಕೆ, ಅದನ್ನು ಮುಚ್ಚಬೇಡಿ. ಅದನ್ನು ನೋಡಿದ ಹಳಬರು ಕೈ ಹಿಡಿದು ನಡೆಸುತ್ತಾರೆ. ಸುಮ್ಮಸುಮ್ನೆ ಬೈಯುವ ಅಪರಿಚಿತರಿಗೆ ಉತ್ತರ ಕೊಡುವ ಅಗತ್ಯ ಇಲ್ಲ.

ಅಭ್ಯಾಸ ಒಬ್ಬರೇ ಮಾಡಬೇಕು ಅನಿಸಿದರೆ ಡ್ಯೂಟಿ ಸಪೋರ್ಟ್ ಇದೆ. ಕಥೆಯ ಡಂಜನ್‌ಗಳನ್ನು ಆಟದ ಪಾತ್ರಗಳ ಜೊತೆಗೇ ಆಡಬಹುದು. ಬೈಯುವವರಿಲ್ಲ, ಆತುರ ಇಲ್ಲ. ಲೆವೆಲ್ 41ರ ಸ್ಟೋನ್ ವಿಜಿಲ್‌ಗೆ ಹೋಗಿ ಒಂದು ನಿಯಮ ಇಟ್ಟುಕೊಳ್ಳಿ: ಟ್ಯಾಂಕ್ ಅರ್ಧಕ್ಕೆ ಇಳಿಯುವವರೆಗೆ ಕ್ಯೂರ್ 2 ಮುಟ್ಟುವುದಿಲ್ಲ. ಮೊದಲ ಸಲ ಎದೆ ಹೊಡೆದುಕೊಳ್ಳುತ್ತದೆ. ಆದರೂ ಕೈ ತಡೆಯಿರಿ. ಎಷ್ಟು ಹೊತ್ತು ಏನೂ ಆಗುವುದಿಲ್ಲ ಅಂತ ಕಣ್ಣಾರೆ ನೋಡಿ.

ಆಮೇಲೆ ಗೆಳೆಯರ ಜೊತೆ ಔರಮ್ ವೇಲ್‌ಗೆ ವಾಪಸ್ ಹೋಗಿ. ಮೊದಲ ಕೋಣೆಯಲ್ಲಿ ಶತ್ರುಗಳು ಒತ್ತೊತ್ತಾಗಿ ನಿಂತಿರುತ್ತಾರೆ, ಕೆಲವು ಅತ್ತಿಂದಿತ್ತ ಓಡಾಡುತ್ತಿರುತ್ತವೆ, ನೆಲದಲ್ಲಿ ವಿಷದ ಕೆಸರು ಬೇರೆ. ಟ್ಯಾಂಕ್ ಒಂದೊಂದೇ ಗುಂಪನ್ನು ನೀವು ಬಂದ ಬಾಗಿಲಿನ ಕಡೆ ಎಳೆದು ತರಲಿ, ಉಳಿದವರು ಗೋಡೆ ಪಕ್ಕ ನಿಲ್ಲಲಿ. ಅವನು ಬೀಸಿ ಹೊಡೆದ ಮೇಲೆ ರೀಜೆನ್, ಪಕ್ಕಕ್ಕೆ ಹೋಗಿ ಹೋಲಿ ಮೂರು ಸಲ, ಆಮೇಲೆ ಅವನ ಬಾರ್ ನೋಡಿ. ಮೊದಲ ಬಾಸ್ ಹತ್ತಿರ ನಿಮಗೆಲ್ಲ ಗೋಲ್ಡ್ ಲಂಗ್ ಅನ್ನುವ ವಿಷ ಹತ್ತುತ್ತದೆ, ಹೋಗುತ್ತಾ ಹೋಗುತ್ತಾ ಏರುತ್ತದೆ. ಇಂಥ ತೊಂದರೆ ತೆಗೆಯುವ ಎಸುನಾ ಸ್ಪೆಲ್ ಹಾಕಿ ಎಂಪಿ ಕಳೆಯಬೇಡಿ, ಅದು ಇದಕ್ಕೆ ಹತ್ತುವುದಿಲ್ಲ. ಎಸುನಾದಿಂದ ಹೋಗುವ ಗುರುತಿನ ತಲೆ ಮೇಲೆ ಸಣ್ಣ ಗೆರೆ ಇರುತ್ತದೆ, ಇದಕ್ಕೆ ಇರುವುದಿಲ್ಲ. ಅಂಚಿನಲ್ಲಿ ಮೋರ್ಬೋಲ್ ಹಣ್ಣು ಬೆಳೆದಿರುತ್ತದೆ, ಓಡಿ ಹೋಗಿ ತಿನ್ನಬೇಕು. ಎಲ್ಲರೂ ಒಂದೇ ಸಲ ಮುಗಿಬಿದ್ದರೆ ಹಣ್ಣು ಸಾಲುವುದಿಲ್ಲ, ಅದಕ್ಕೆ ಶುರು ಮಾಡುವ ಮೊದಲೇ ರೂಮಿನಲ್ಲಿ ಕೂತು ಯಾರ ನಂತರ ಯಾರು ಅಂತ ಮಾತಾಡಿಕೊಳ್ಳಿ. ಟ್ಯಾಂಕ್ ಹಣ್ಣಿಗೆ ಹೊರಡುವ ಮೊದಲು ನಿಮಗೆ ಕೂಗಿ ಹೇಳಲಿ.